ಕ್ಯೂ ತುಂಬಿದಾಗ ಕರ್ನಲ್ ಏನು ಮಾಡುತ್ತೆ? ನಾನು ಕಳೆದ 64 ಹಾಜರಿಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

  ಇವತ್ತು ರೆಕಾರ್ಡ್ ಮಾಡ್ತಿರೋದು ಬೆಸಗರಹಳ್ಳಿಯ ನಮ್ಮನೆ ಹಜಾರದಿಂದ. ಮಧ್ಯೆ ಮಧ್ಯೆ ಟ್ರಾಕ್ಟರ್ ಸದ್ದು ಕೇಳಿದ್ರೆ ಎಡಿಟಿಂಗ್ ತಪ್ಪು ಅಂದ್ಕೋಬೇಡಿ. ಕಬ್ಬು ಹೋಗ್ತಿದೆ ಅಷ್ಟೇ.

ಹೋದ ಸಂಚಿಕೆ ಆದ್ಮೇಲೆ ಒಬ್ರು ಕೇಳಿದ್ರು, "ಬಿಕಾಂ ಓದಿರೋ ನೀವು ಲಿನಕ್ಸ್ ಬಗ್ಗೆ ಯಾಕೆ ಮಾತಾಡ್ತೀರಾ?" ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಂದ್ರೆ ನಾನು ಮಾಡಿದ ಒಂದು ತಪ್ಪನ್ನ ಹೇಳ್ಬೇಕು. ಆ ತಪ್ಪಿಗೆ ಬೆಲೆ ಕೊಟ್ಟವರು ಬೇರೆಯವರು. ಅದಕ್ಕೇ ಇಷ್ಟು ದಿನ ಹೇಳಿರಲಿಲ್ಲ.

ಡಿಗ್ರಿ ಮುಗಿದ ಮೇಲೆ ನಾನು ಸೇರಿದ್ದು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿಗೆ. ಕೆಲಸ ಸಪೋರ್ಟ್. ಅಂದ್ರೆ ಗ್ರಾಹಕರು ಫೋನ್ ಮಾಡಿ ಬೈತಾರೆ, ನಾವು "ನೋಡ್ತೀವಿ ಸಾರ್" ಅಂತೀವಿ. ನಮ್ಮ ಸಾಫ್ಟ್‌ವೇರ್ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹಾಜರಿ ಮತ್ತು ಸಂಬಳ ನೋಡ್ಕೊಳ್ತಿತ್ತು. ಯಾವ ಕಾರ್ಖಾನೆ, ಯಾವ ಆಫೀಸು ಅಂತ ಹೆಸರು ಹೇಳಲ್ಲ, ಬೇಕಾಗೂ ಇಲ್ಲ. ಬೆಳಗ್ಗೆ ಗೇಟಲ್ಲಿ ಬೆರಳಿಡೋ ಮಷೀನುಗಳು. ಬೆರಳಿಟ್ರೆ ಬೀಪ್ ಅಂತದೆ, ಒಳಗೆ ಹೋಗೋದು. ಆ ಹಾಜರಿ ಹೋಗಿ ಸಂಬಳದ ಲೆಕ್ಕಕ್ಕೆ ಸೇರೋದು. ಗೇಟಿನ ಪ್ರೋಗ್ರಾಂ ಒಂದು, ಸಂಬಳದ ಪ್ರೋಗ್ರಾಂ ಇನ್ನೊಂದು, ಎರಡೂ ಓಡ್ತಿದ್ದದ್ದು ಒಂದೇ ಲಿನಕ್ಸ್ ಸರ್ವರ್ ಮೇಲೆ. ಅವೆರಡರ ಮಧ್ಯೆ ಇದ್ದದ್ದೇ ಇವತ್ತಿನ ವಿಷಯ: ಮೆಸೇಜ್ ಕ್ಯೂ.

ಹೊಸಬರಿಗೆ ಒಂದು ನಿಮಿಷ ವಿವರಿಸ್ತೀನಿ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ಮುಖ್ಯ ಭಾಗ. ಮೆಮೊರಿ ಯಾರಿಗೆ ಎಷ್ಟು, ಸಿಪಿಯು ಯಾರಿಗೆ ಎಷ್ಟೊತ್ತು ಅನ್ನೋದನ್ನೆಲ್ಲ ತೀರ್ಮಾನ ಮಾಡೋದು ಅದೇ. ಒಂದು ಪ್ರೋಗ್ರಾಂನ ಮೆಮೊರಿಗೆ ಇನ್ನೊಂದು ಪ್ರೋಗ್ರಾಂ ಸುಮ್ನೆ ಕೈ ಹಾಕೋ ಹಾಗಿಲ್ಲ. ಹಾಗಾದ್ರೆ ಎರಡು ಪ್ರೋಗ್ರಾಂ ಮಾತಾಡೋದು ಹೇಗೆ? ಇರೋ ದಾರಿಗಳಲ್ಲಿ ಮೆಸೇಜ್ ಕ್ಯೂ ಒಂದು. ಕಳಿಸೋನು ಚೀಟಿ ಬರೆದು ಕರ್ನಲ್ ಕೈಗೆ ಕೊಡ್ತಾನೆ. ಕರ್ನಲ್ ಅದನ್ನ ಸಾಲಾಗಿ ಇಟ್ಕೊಳ್ಳುತ್ತೆ. ತಗೊಳ್ಳೋನು ತನಗೆ ಬಿಡುವಾದಾಗ ಬಂದು ಒಂದೊಂದೇ ತಗೊಂಡು ಹೋಗ್ತಾನೆ. ಇದನ್ನ ಸಿಸ್ಟಮ್ ಫೈವ್ ಮೆಸೇಜ್ ಕ್ಯೂ ಅಂತಾರೆ. 1983ರಲ್ಲಿ ಎಟಿ ಅಂಡ್ ಟಿ ಬಿಡುಗಡೆ ಮಾಡಿದ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಹೆಸರು. ನಾನು ಹುಟ್ಟೋಕೆ ಮುಂಚಿನ ತಂತ್ರಜ್ಞಾನ, ಇವತ್ತಿಗೂ ಲಿನಕ್ಸಲ್ಲಿದೆ.

ಈ ಸಾಲಿಗೆ ಕರ್ನಲ್ ಮೂರು ಮಿತಿ ಹಾಕುತ್ತೆ. ಹೆಸರು ಕೇಳಿ ಹೆದರಬೇಡಿ.

ಮೊದಲನೇದು ಎಂಎಸ್‌ಜಿ ಮ್ಯಾಕ್ಸ್. ಒಂದು ಚೀಟಿ ಎಷ್ಟು ದೊಡ್ಡದಿರಬಹುದು ಅನ್ನೋದು. ಲಿನಕ್ಸಲ್ಲಿ ನಾವೇನೂ ಮುಟ್ಟದೇ ಇದ್ರೆ 8,192 ಬೈಟ್.

ಎರಡನೇದು ಎಂಎಸ್‌ಜಿ ಎಂಎನ್‌ಬಿ. ಒಂದು ಕ್ಯೂನಲ್ಲಿರೋ ಎಲ್ಲಾ ಚೀಟಿಗಳೂ ಸೇರಿ ಎಷ್ಟು ಬೈಟ್ ಆಗಬಹುದು ಅನ್ನೋದು. ಇದು 16,384 ಬೈಟ್. ಇವತ್ತಿನ ಕಥೆಯ ವಿಲನ್ ಅಂತ ನಾನು ಅಂದ್ಕೊಂಡಿದ್ದು ಇದನ್ನೇ.

ಮೂರನೇದು ಎಂಎಸ್‌ಜಿ ಎಂಎನ್‌ಐ. ಒಟ್ಟು ಎಷ್ಟು ಕ್ಯೂಗಳಿರಬಹುದು ಅನ್ನೋದು. ಹಳೇ ಲಿನಕ್ಸಲ್ಲಿ ಬರೀ 16 ಇತ್ತು. 2015ರಲ್ಲಿ ಬಂದ 3.19 ಆವೃತ್ತಿಯಿಂದ 32,000.

ಮಿತಿ ಯಾಕೆ ಬೇಕು? ಚೀಟಿಗಳು ಕೂತಿರೋದು ಕರ್ನಲ್‌ನ ಸ್ವಂತ ಮೆಮೊರಿಯಲ್ಲಿ. ಮಾಮೂಲಿ ಪ್ರೋಗ್ರಾಂನ ಮೆಮೊರಿಯಾದ್ರೆ ಜಾಗ ಸಾಲದಾಗ ಸ್ವಲ್ಪ ಹೊತ್ತು ಡಿಸ್ಕಿಗೆ ಸಾಗಿಸಬಹುದು. ಕರ್ನಲ್ ಮೆಮೊರಿನ ಹಾಗೆ ಸಾಗಿಸೋಕಾಗಲ್ಲ. ಬಿಕಾಂ ಲೆಕ್ಕ ಹಾಕೋಣ: 32,000 ಕ್ಯೂ, ಒಂದೊಂದರಲ್ಲೂ 16,384 ಬೈಟ್ ತುಂಬಿದ್ರೆ 52,42,88,000 ಬೈಟ್. ಕಂಪ್ಯೂಟರ್ ಲೆಕ್ಕದಲ್ಲಿ ಸರಿಯಾಗಿ 500 ಎಂಬಿ. ಮಿತಿನ ನಾಲ್ಕು ಪಟ್ಟು ಮಾಡಿದ್ರೆ 2,000 ಎಂಬಿ. ಯಾವುದೋ ಒಂದು ಕೆಟ್ಟ ಪ್ರೋಗ್ರಾಂ ಇಡೀ ಸರ್ವರ್‌ನ ಮೆಮೊರಿ ನುಂಗಬಾರದು ಅಂತಾನೇ ಈ ಬೇಲಿ.

ಇದನ್ನ ನಮ್ಮೂರಿನವರಿಗೆ ವಿವರಿಸೋದು ಸುಲಭ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ಆವಾಗಿಂದ ಈ ಕಡೆಯವರಿಗೆ ಕ್ಯೂ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬು ಬೆಳೆದಿದೆ ಅಂತ ಮನಸ್ಸಿಗೆ ಬಂದಾಗ ಕಡಿಯೋ ಹಾಗಿಲ್ಲ. ಕಟಿಂಗ್ ಆರ್ಡರ್ ಬರಬೇಕು. ಕಡಿದ ಕಬ್ಬನ್ನ ಬೇಗ ಅರೀಬೇಕು. ಕಾಯ್ತಾ ನಿಂತಷ್ಟೂ ಒಣಗುತ್ತೆ, ತೂಕ ಇಳಿಯುತ್ತೆ, ಸಕ್ಕರೆ ಅಂಶ ಇಳಿಯುತ್ತೆ. ಅದಕ್ಕೇ ಯಾರ್ಡಲ್ಲಿ ಎಷ್ಟು ಗಾಡಿ ನಿಲ್ಲಬಹುದು, ಮಿಲ್ಲು ದಿನಕ್ಕೆ ಎಷ್ಟು ಅರೆಯುತ್ತೆ ಅಂತ ನೋಡ್ಕೊಂಡು ಆರ್ಡರ್ ಬಿಡೋದು. ಅಲ್ಲಿ ಕಟಿಂಗ್ ಆರ್ಡರ್ ಮಾಡೋ ಕೆಲಸವನ್ನೇ ಇಲ್ಲಿ ಕರ್ನಲ್‌ನ ಮಿತಿ ಮಾಡುತ್ತೆ.

ಆದ್ರೆ ಇದೆಲ್ಲ ನನಗೆ ಆವತ್ತು ಹೊಳೆದಿರಲಿಲ್ಲ. ಈಗ ಆ ದಿನಕ್ಕೆ ಬರೋಣ.

ತಿಂಗಳ ಲೆಕ್ಕ ಮುಗಿಸೋ ದಿನ. ಬೆಳಗ್ಗೆ ಎಂಟೂವರೆ ಶಿಫ್ಟು. ಸುಮಾರು 900 ಜನ, ಬಹುತೇಕ ಹೆಣ್ಣುಮಕ್ಕಳು, ಹದಿನೈದು ನಿಮಿಷದಲ್ಲಿ ಒಳಗೆ ಹೋಗ್ಬೇಕು. ಅಂದ್ರೆ ಸೆಕೆಂಡಿಗೆ ಒಬ್ರು. ನನಗೆ ಫೋನ್ ಬಂತು: "ಬೀಪ್ ಬರ್ತಿಲ್ಲ, ಗೇಟಲ್ಲಿ ಜನ ನಿಂತವ್ರೆ, ಬೇಗ ನೋಡ್ರೀ." ಲೇಟಾದ್ರೆ ಅರ್ಧ ದಿನದ ಸಂಬಳ ಕಟ್. ಹಿಂದಿನಿಂದ ಗಲಾಟೆ ನನಗೇ ಕೇಳಿಸ್ತಿತ್ತು.

ಸರ್ವರ್‌ಗೆ ಲಾಗಿನ್ ಆದೆ. ಐಪಿಸಿಎಸ್ ಅಂತ ಒಂದು ಕಮಾಂಡ್ ಇದೆ, ಅದಕ್ಕೆ ಹೈಫನ್ ಕ್ಯೂ ಸೇರಿಸಿದ್ರೆ ಕ್ಯೂಗಳ ಪಟ್ಟಿ ತೋರಿಸುತ್ತೆ. ಬಳಕೆಯಾದ ಬೈಟ್ 16,384. ಮೆಸೇಜು 64. ಕ್ಯೂ ತುಂಬಿದೆ. ನಮ್ಮ ಒಂದೊಂದು ಹಾಜರಿ ಚೀಟಿ 256 ಬೈಟ್. 64 ಸಲ 256, ಸರಿಯಾಗಿ 16,384. ಈ ಗುಣಾಕಾರ ನಾನು ಆವತ್ತು ಮಾಡಲಿಲ್ಲ. 64 ಅನ್ನೋ ಅಂಕಿ ತೆರೆ ಮೇಲೆ ಇತ್ತು, ನೋಡಿದೆ, ಅದು 64 ಜನ ಅಂತ ತಲೆಗೆ ಹೋಗಲಿಲ್ಲ.

ಕ್ಯೂ ತುಂಬಿದಾಗ ಕರ್ನಲ್ ಏನು ಮಾಡುತ್ತೆ ಗೊತ್ತಾ? ಕಳಿಸೋ ಪ್ರೋಗ್ರಾಮನ್ನ ಮಲಗಿಸುತ್ತೆ. ಜಾಗ ಆಗೋವರೆಗೂ ಅದು ಏಳಲ್ಲ. ನಮ್ಮ ಗೇಟಿನ ಪ್ರೋಗ್ರಾಂ ಹಾಗೆ ಮಲಗಿತ್ತು. ಅದು ಮಲಗಿದ್ದಕ್ಕೆ ಮಷೀನಿಗೆ ಉತ್ತರ ಇಲ್ಲ, ಬೀಪ್ ಇಲ್ಲ, ಜನ ಹೊರಗೆ.

ಇಂಟರ್‌ನೆಟ್ಟಲ್ಲಿ ಹುಡುಕಿದೆ. ಎಲ್ಲಾ ಕಡೆ ಒಂದೇ ಸಲಹೆ: ಎಂಎನ್‌ಬಿನ 65,536 ಮಾಡಿ. ಆ ಅಂಕಿ ಎಲ್ಲಿಂದ ಬಂತು? ದೊಡ್ಡ ಡೇಟಾಬೇಸ್‌ಗಳ ಕೈಪಿಡಿಯಿಂದ. ಐಬಿಎಂನ ಡಿಬಿ2 ಹಾಕೋವಾಗ ಹಾಗೆ ಇಡಿ ಅಂತ ಅವರ ಕೈಪಿಡಿ ಹೇಳುತ್ತೆ. ಅದು ಅವರ ಹೊರೆಗೆ ಅವರು ಹಾಕಿದ ಲೆಕ್ಕ. ನನ್ನ ಗೇಟಿಗೂ ಅದಕ್ಕೂ ಸಂಬಂಧ ಇದೆಯಾ ಅಂತ ಯೋಚಿಸೋಕೆ ಟೈಮ್ ಇರಲಿಲ್ಲ. ಸಿಸ್‌ಕಂಟ್ರೋಲ್ ಕಮಾಂಡ್ ಕೊಟ್ಟು ಮಿತಿ ಏರಿಸಿದೆ.

ಏನೂ ಆಗಲಿಲ್ಲ. ಬೀಪ್ ಇಲ್ಲ.

ಗೇಟಿನ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದೆ. ಆಗಲೂ ಇಲ್ಲ.

ಇಲ್ಲಿ ಎರಡು ವಿಷಯ ನನಗೆ ಗೊತ್ತಿರಲಿಲ್ಲ, ನೀವು ನೆನಪಿಟ್ಕೊಳ್ಳಿ. ಒಂದು, ಎಂಎನ್‌ಬಿ ಬದಲಾಯಿಸಿದ್ರೆ ಅದು ಇನ್ಮುಂದೆ ಹುಟ್ಟೋ ಕ್ಯೂಗಳಿಗೆ ಮಾತ್ರ. ಈಗಾಗಲೇ ಇರೋ ಕ್ಯೂ ತಾನು ಹುಟ್ಟಿದಾಗ ಇದ್ದ ಮಿತಿಯನ್ನೇ ಹಿಡ್ಕೊಂಡಿರುತ್ತೆ. ಅದರ ಮಿತಿ ಏರಿಸೋಕೆ ಎಂಎಸ್‌ಜಿ ಸಿಟಿಎಲ್ ಅಂತ ಬೇರೆ ಕರೆ ಇದೆ. ಎರಡು, ಈ ಕ್ಯೂ ಪ್ರೋಗ್ರಾಂ ಜೊತೆ ಸಾಯಲ್ಲ. ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಶುರು ಮಾಡಿ, ಕ್ಯೂ ಹಾಗೇ ಕರ್ನಲ್ ಒಳಗೆ ಕೂತಿರುತ್ತೆ. ಅಳಿಸಿದ್ರೆ ಹೋಗುತ್ತೆ, ಇಲ್ಲಾ ಮಷೀನ್ ರೀಬೂಟ್ ಆದ್ರೆ ಹೋಗುತ್ತೆ.

ಆ ಕಡೆಯಿಂದ ಫೋನಲ್ಲಿ ಬೈಗುಳ ಜಾಸ್ತಿ ಆಯ್ತು. ಒಂದು ಕಡೆ ಐಪಿಸಿ ಆರ್‌ಎಂ ಅನ್ನೋ ಕಮಾಂಡ್ ಕಾಣಿಸ್ತು. ಕ್ಯೂ ಅಳಿಸೋ ಕಮಾಂಡ್. ಹೊಡೆದೆ. ಎರಡೂ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದೆ. ಹೊಸ ಕ್ಯೂ ಹುಟ್ಟಿತು, ಹೊಸ ಮಿತಿ 65,536 ಅದಕ್ಕೆ ಸಿಕ್ತು. ಬೀಪ್, ಬೀಪ್, ಬೀಪ್. ಜನ ಒಳಗೆ ಹೋದ್ರು. ಫೋನಲ್ಲಿದ್ದೋರು "ಸೂಪರ್ ಗುರು" ಅಂದ್ರು. ಬಿಕಾಂ ಹುಡುಗ ಕರ್ನಲ್ ಸರಿ ಮಾಡ್ಬಿಟ್ಟ ಅಂತ ಆಫೀಸಲ್ಲಿ ನನಗೆ ಟೀ ಕೊಡಿಸಿದ್ರು.

ಹನ್ನೆರಡು ದಿನ ಆದ್ಮೇಲೆ ಸಂಬಳದ ಚೀಟಿ ಬಂತು. ಬೇರೇನೋ ಕೆಲಸಕ್ಕೆ ಆ ಕಾರ್ಖಾನೆಗೆ ಹೋಗಿದ್ದೆ. ಒಬ್ರು ಹೆಂಗಸು ಆಫೀಸ್ ಬಾಗಿಲಲ್ಲಿ ನಿಂತಿದ್ರು, ನಮ್ಮಮ್ಮನ ವಯಸ್ಸು. "ಸಾರ್, ಆವತ್ತು ನಾನು ಬಂದಿದ್ದೆ ಸಾರ್. ಬೆರಳಿಟ್ಟೆ, ಬೀಪ್ ಅಂತು. ಚೀಟೀಲಿ ಆಬ್ಸೆಂಟ್ ಅಂತ ಐತೆ." ಅಲ್ಲಿದ್ದವರು, "ಮಷೀನ್ ಸುಳ್ಳು ಹೇಳಲ್ಲಮ್ಮ" ಅಂದ್ರು.

ನನಗೆ ಹೊಟ್ಟೆ ತಣ್ಣಗಾಯ್ತು. ಆ ತೆರೆ ನೆನಪಾಯ್ತು. ಮೆಸೇಜು 64. ಬೀಪ್ ಅಂದ್ರೆ ಸಂಬಳದ ಲೆಕ್ಕಕ್ಕೆ ಸೇರಿತು ಅಂತಲ್ಲ, ಕ್ಯೂಗೆ ಸೇರಿತು ಅಂತ ಅಷ್ಟೇ. ಆ ಕ್ಯೂನ ನಾನು ಅಳಿಸಿದ್ದೆ. ಐಪಿಸಿ ಆರ್‌ಎಂ "ಒಳಗೆ ಚೀಟಿ ಇದೆ, ಪರವಾಗಿಲ್ವಾ?" ಅಂತ ಕೇಳಲ್ಲ. ಅಳಿಸು ಅಂದ್ರೆ ಅಳಿಸುತ್ತೆ.

ಆವತ್ತು ರಾತ್ರಿ ಕೂತು ಹುಡುಕಿದೆ. ಸಂಜೆ ಹೊರಗೆ ಹೋಗುವಾಗ ಬೆರಳಿಟ್ಟಿದ್ದಾರೆ, ಬೆಳಗ್ಗೆ ಒಳಗೆ ಬಂದ ದಾಖಲೆ ಇಲ್ಲ, ಅಂಥವರು ಯಾರು ಅಂತ. 61 ಹೆಸರು ಸಿಕ್ತು. ನನ್ನ ತಪ್ಪು ಅಂತ ಬರೆದು ಮೇಲ್ ಕಳಿಸಿದೆ, ಅವರ ಹಾಜರಿ ಸರಿ ಮಾಡಿದ್ರು. ಉಳಿದ ಮೂರು? ಅವರು ಬಹುಶಃ ಸಂಜೆ ಬೆರಳಿಡೋದು ಮರೆತಿರಬೇಕು, ಇಲ್ಲಾ ಮಧ್ಯಾಹ್ನವೇ ಮನೆಗೆ ಹೋಗಿರಬೇಕು. ಗೇಟಿನ ವಾಚ್‌ಮ್ಯಾನ್ ಪುಸ್ತಕದಲ್ಲೂ ಸಿಗಲಿಲ್ಲ. ಸಂಬಳದ ಚೀಟಿ ಬಿಡಿಸಿ ನೋಡೋ ಅಭ್ಯಾಸ ಇಲ್ಲದವರೋ ಏನೋ, ಕೇಳ್ಕೊಂಡೂ ಬರಲಿಲ್ಲ. ಮೂವರು ಇದ್ರು ಅಂತ ನನಗೆ ಗೊತ್ತು, ಯಾಕಂದ್ರೆ 16,384ನ 256ರಿಂದ ಭಾಗಿಸಿದ್ರೆ 61 ಬರಲ್ಲ.

ಕಥೆ ಇಲ್ಲಿಗೆ ಮುಗೀಲಿಲ್ಲ. ಮುಂದಿನ ತಿಂಗಳು, ಅದೇ ಲೆಕ್ಕ ಮುಗಿಸೋ ದಿನ, ಅದೇ ಎಂಟೂವರೆ, ಅದೇ ಫೋನು: "ಬೀಪ್ ಬರ್ತಿಲ್ಲ." ಮಿತಿ ನಾಲ್ಕು ಪಟ್ಟು ಮಾಡಿದ್ದೀನಲ್ಲ, ಮತ್ತೆ ಯಾಕೆ?

ಈ ಸಲ ಏನನ್ನೂ ಅಳಿಸಲಿಲ್ಲ. ಗೇಟಲ್ಲಿ ಕೈಬರಹದ ಪುಸ್ತಕ ಇಟ್ಟು ಜನರನ್ನ ಒಳಗೆ ಬಿಡಿ ಅಂದೆ. ಆಮೇಲೆ ತಗೊಳ್ಳೋ ಕಡೆ ನೋಡಿದೆ. ಅದನ್ನ ಹೋದ ತಿಂಗಳೇ ನೋಡಬೇಕಿತ್ತು. ಸಂಬಳದ ಪ್ರೋಗ್ರಾಂ ತಿಂಗಳ ಕೊನೆಯ ದೊಡ್ಡ ರಿಪೋರ್ಟ್ ತಯಾರು ಮಾಡ್ತಾ ಕೂತಿತ್ತು, ಸರಿಯಾಗಿ ಎಂಟೂವರೆಗೆ. ರಿಪೋರ್ಟ್ ಮುಗಿಯೋವರೆಗೂ ಒಂದು ಚೀಟೀನೂ ಎತ್ತಲ್ಲ. ಹನ್ನೆರಡು ನಿಮಿಷ. ಹಿಂದಿನ ತಿಂಗಳೂ ಇದೇ ಆಗಿತ್ತು. ನಾನು ರೀಸ್ಟಾರ್ಟ್ ಮಾಡಿದಾಗ ರಿಪೋರ್ಟ್ ಅರ್ಧಕ್ಕೆ ಸತ್ತಿತ್ತು, ಅದಕ್ಕೇ ಬೀಪ್ ಬಂದಿತ್ತು. ನನ್ನ 65,536ರಿಂದಲ್ಲ.

ಈಗ ಲೆಕ್ಕ. ಸೆಕೆಂಡಿಗೆ ಒಂದು ಚೀಟಿ ಬರುತ್ತೆ, ಒಂದೂ ಹೋಗ್ತಿಲ್ಲ. ಹಳೇ ಕ್ಯೂ 64 ಸೆಕೆಂಡಿಗೆ ತುಂಬ್ತಿತ್ತು. ಹೊಸ ಕ್ಯೂನಲ್ಲಿ 256 ಚೀಟಿ ಹಿಡಿಯುತ್ತೆ, 256 ಸೆಕೆಂಡಿಗೆ ತುಂಬುತ್ತೆ. ಮಿತಿ ನಾಲ್ಕು ಪಟ್ಟು ಮಾಡಿ ನಾನು ಸಂಪಾದಿಸಿದ್ದು 192 ಸೆಕೆಂಡ್. ಮೂರು ನಿಮಿಷ ಹನ್ನೆರಡು ಸೆಕೆಂಡ್. ಅಷ್ಟಕ್ಕೆ ಟೀ ಕುಡಿಸಿದ್ರು ನನಗೆ.

ಆ ವಾರ ಊರಿಗೆ ಬಂದಾಗ ಅಪ್ಪಂಗೆ ಇದನ್ನ ಹೇಳಿದೆ. ಕರ್ನಲ್ಲು ಗಿರ್ನಲ್ಲು ಅಂತೆಲ್ಲ ಹೇಳಲಿಲ್ಲ, ಗೇಟು, ಸಾಲು, ಜಾಗ ಇಷ್ಟೇ ಹೇಳಿದ್ದು. ಅಪ್ಪ ನಕ್ಕುಬಿಟ್ರು. "ಯಾರ್ಡ್ ದೊಡ್ಡದು ಮಾಡ್ಬುಟ್ರೆ ಮಿಲ್ಲು ಜೋರಾಗಿ ಅರೀತದೇನ್ಲಾ? ಇನ್ನೂ ನಾಕು ಗಾಡಿ ಬಿಸ್ಲಲ್ಲಿ ನಿಂತ್ಕತವೆ, ಅಷ್ಟೇಯ."

ಆಮೇಲೆ ನಾವು ಮಾಡಿದ್ದು ಮೂರು ಕೆಲಸ.

ಒಂದು, ರಿಪೋರ್ಟನ್ನ ರಾತ್ರಿಗೆ ಹಾಕಿದ್ವಿ. ನಿಜವಾದ ರೋಗ ಅದೇ ಆಗಿತ್ತು. ಹನ್ನೆರಡು ನಿಮಿಷಕ್ಕೆ 720 ಚೀಟಿ, ಅದಕ್ಕೆ 1,84,320 ಬೈಟ್ ಬೇಕು. ಮುಂದಿನ ವರ್ಷ ರಿಪೋರ್ಟ್ ಇಪ್ಪತ್ತು ನಿಮಿಷ ಆಗುತ್ತೆ. ಅದರ ಹಿಂದೆ ಮಿತಿನ ಓಡಿಸ್ತಾ ಹೋದ್ರೆ ಕೊನೆಯೇ ಇಲ್ಲ.

ಎರಡು, ಮಿತಿಗೆ ಲೆಕ್ಕ ಹಾಕಿದ್ವಿ. ರಿಪೋರ್ಟ್ ಬಿಟ್ರೆ ತಗೊಳ್ಳೋನು ಅತಿ ಹೆಚ್ಚು ಎಷ್ಟೊತ್ತು ತಡ ಮಾಡ್ತಾನೆ ಅಂತ ಒಂದು ವಾರ ಅಳೆದೆ. ಎರಡು ನಿಮಿಷ. 120 ಚೀಟಿ, 30,720 ಬೈಟ್. ಸುರಕ್ಷತೆಗೆ ಎರಡರಷ್ಟು ಅಂದ್ರೆ 61,440. ಹಾಗಾಗಿ 65,536 ಅಂತಾನೇ ಇಟ್ವಿ. ನಗಬೇಡಿ, ಅದೇ ಅಂಕಿ. ಆದ್ರೆ ಈ ಸಲ ಯಾರಾದ್ರೂ ಯಾಕೆ ಅಂತ ಕೇಳಿದ್ರೆ ಹೇಳೋಕೆ ಉತ್ತರ ಇತ್ತು. ಅದನ್ನ ಸಿಸ್‌ಕಂಟ್ರೋಲ್ ಫೈಲಲ್ಲೂ ಬರೆದ್ವಿ, ಬರೀ ಕಮಾಂಡ್ ಕೊಟ್ರೆ ರೀಬೂಟ್ ಆದಾಗ ಹಳೇ ಮಿತಿಗೇ ಹೋಗಿಬಿಡುತ್ತೆ.

ಮೂರನೇದು ಡೆವಲಪರ್ ಹತ್ರ ಕಾಡಿ ಬೇಡಿ ಮಾಡಿಸಿದ್ದು. ಕಳಿಸುವಾಗ "ಐಪಿಸಿ ನೋ ವೇಟ್" ಅಂತ ಒಂದು ಸೂಚನೆ ಕೊಡಬಹುದು. ಆಗ ಕ್ಯೂ ತುಂಬಿದ್ರೆ ಕರ್ನಲ್ ಮಲಗಿಸಲ್ಲ, "ಈಗ ಜಾಗ ಇಲ್ಲ, ಆಮೇಲೆ ಬಾ" ಅಂತ ತಕ್ಷಣ ಹೇಳುತ್ತೆ. ಯಾರ್ಡಲ್ಲಿ ಜಾಗ ಇಲ್ಲ ಅಂತ ಮೊದಲೇ ಗೊತ್ತಾದ್ರೆ ಗಾಡೀನ ಆಲೆಮನೆ ಕಡೆಗಾದ್ರೂ ತಿರುಗಿಸಬಹುದಲ್ಲ, ಹಾಗೆ. ನಮ್ಮ ಗೇಟಿನ ಪ್ರೋಗ್ರಾಂ ಈಗ ಪ್ರತಿ ಹಾಜರಿನೂ ಮೊದಲು ಡಿಸ್ಕಲ್ಲಿ ಫೈಲಿಗೆ ಬರೆದು, ಆಮೇಲೆ ಬೀಪ್ ಅನ್ನುತ್ತೆ, ಆಮೇಲೆ ಕ್ಯೂಗೆ ಹಾಕುತ್ತೆ. ಕ್ಯೂ ಅಳಿಸಿದ್ರೂ, ಕರೆಂಟ್ ಹೋದ್ರೂ ಫೈಲಿಂದ ಮತ್ತೆ ಕಳಿಸಬಹುದು. ಒಬ್ಬರ ದಿನದ ದುಡಿಮೆಯ ದಾಖಲೆ ಬರೀ ಕ್ಯೂ ಒಂದರಲ್ಲೇ ಇರಬಾರದು.

ಪೋಸಿಕ್ಸ್ ಅಂತ ಇನ್ನೊಂದು ಬಗೆಯ ಮೆಸೇಜ್ ಕ್ಯೂ ಕೂಡ ಲಿನಕ್ಸಲ್ಲಿದೆ. ಪ್ರೋಗ್ರಾಮಿಂಗ್ ಕಲೀತಿರೋ ಹುಡುಗರಿಗೆ ಹೇಳ್ತಿದೀನಿ, ಅಲ್ಲಿ ಕ್ಯೂ ಮಾಡುವಾಗಲೇ ಎಷ್ಟು ಚೀಟಿ, ಒಂದೊಂದು ಎಷ್ಟು ದೊಡ್ಡದು ಅಂತ ಹೇಳಬಹುದು. ಮಾಮೂಲಿ ಬಳಕೆದಾರನಿಗೆ ಒಂದು ಕ್ಯೂಗೆ ಬರೀ 10 ಚೀಟಿ. ಜೊತೆಗೆ ಒಬ್ಬ ಬಳಕೆದಾರನ ಎಲ್ಲಾ ಕ್ಯೂಗೂ ಸೇರಿ 8,19,200 ಬೈಟ್ ಮಿತಿ. 11 ಅಂತ ಕೇಳಿದ್ರೆ ಕ್ಯೂ ಹುಟ್ಟೋದೇ ಇಲ್ಲ, ಎರರ್ ಬರುತ್ತೆ. ಮೊದಲ ಸಲ ಸಿಕ್ಕಿದಾಗ ತಲೆ ಕೆಡಿಸ್ಕೋಬೇಡಿ.

ನಿಮ್ಮ ಕೈಯಲ್ಲಿರೋ ಫೋನ್ ಬಗ್ಗೆನೂ ಒಂದು ಮಾತು. ಆಂಡ್ರಾಯ್ಡ್ ಒಳಗಿರೋದು ಲಿನಕ್ಸ್ ಕರ್ನಲ್ಲೇ, ಆದ್ರೆ ಈ ಸಿಸ್ಟಮ್ ಫೈವ್ ಕ್ಯೂನ ಅವರು ಬೇಕಂತಲೇ ಬಿಟ್ಟಿದ್ದಾರೆ. ಕಾರಣ ಈಗ ನಿಮಗೇ ಗೊತ್ತು: ಆ್ಯಪ್ ಸತ್ರೂ ಕ್ಯೂ ಸಾಯಲ್ಲ. ಫೋನಲ್ಲಿ ಆ್ಯಪ್‌ಗಳು ದಿನವಿಡೀ ಸಾಯ್ತಾ ಹುಟ್ತಾ ಇರ್ತವೆ, ಎಲ್ಲಾ ಕಸ ಬಿಟ್ಟು ಹೋದ್ರೆ ಕರ್ನಲ್ ಗತಿ ಏನು? ಅದರ ಬದಲು ಬೈಂಡರ್ ಅಂತ ಬೇರೆ ವ್ಯವಸ್ಥೆ ಇದೆ. ಅದಕ್ಕೂ ಮಿತಿ ಇದೆ, ಒಂದು ಪ್ರೋಸೆಸ್‌ಗೆ ಸುಮಾರು 1 ಎಂಬಿ. ಒಂದು ಪರದೆಯಿಂದ ಇನ್ನೊಂದಕ್ಕೆ ದೊಡ್ಡ ಫೋಟೊನ ಹಾಗೇ ದಾಟಿಸೋಕೆ ಹೋಗಿ ಆ್ಯಪ್ ಮುಚ್ಕೊಳ್ಳೋದಕ್ಕೆ ಕೆಲವು ಸಲ ಇದೇ ಕಾರಣ.

ಕೊನೆಗೆ ಬಿಕಾಂ ಪ್ರಶ್ನೆಗೆ ಬರ್ತೀನಿ. ಆ ಘಟನೆ ಆದ್ಮೇಲೆ ನಾನು ಕೆಲಸದಲ್ಲಿ ಒಂದು ಅಭ್ಯಾಸ ಇಟ್ಕೊಂಡೆ. ಯಾವುದೇ ಮಿತಿ ಮುಟ್ಟೋ ಮುಂಚೆ ಒಂದು ಕಾಗದದ ಮೇಲೆ ಮೂರು ಸಾಲು ಬರೀತೀನಿ: ಎಷ್ಟು ಬರ್ತಿದೆ, ಎಷ್ಟು ಹೋಗ್ತಿದೆ, ಎಷ್ಟೊತ್ತು ಕಾಯಬಹುದು. ಜಮಾ, ಖರ್ಚು, ಬಾಕಿ. ನಮಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ರು. ಇನ್ನು ಏನನ್ನಾದ್ರೂ ಅಳಿಸೋ ಮುಂಚೆ, ಒಳಗಿರೋದು ಯಾರ ಚೀಟಿ ಅಂತ ಕೇಳ್ಕೊಳ್ತೀನಿ.

ಆ ಮೂರು ಜನ ಇದನ್ನ ಕೇಳ್ತಿರೋ ಸಾಧ್ಯತೆ ಕಮ್ಮಿ. ಆದ್ರೂ ಮದ್ದೂರು, ಮಳವಳ್ಳಿ, ಮಂಡ್ಯ ಕಡೆ ಗಾರ್ಮೆಂಟ್ಸಿಗೆ ಹೋಗೋರು ನಿಮ್ಮ ಮನೇಲಿದ್ರೆ ಒಂದು ಕೆಲಸ ಮಾಡಿ. ಈ ತಿಂಗಳ ಸಂಬಳದ ಚೀಟಿನ ಅವರ ಜೊತೆ ಕೂತು ಓದಿ. ಅವರು ಹೋದ ದಿನಗಳು, ಚೀಟೀಲಿರೋ ದಿನಗಳು, ಎರಡೂ ತಾಳೆ ಆಗುತ್ತಾ ನೋಡಿ. ಆಗದಿದ್ರೆ ಹೋಗಿ ಕೇಳಿ. "ಮಷೀನ್ ಸುಳ್ಳು ಹೇಳಲ್ಲ" ಅಂತ ಯಾರಾದ್ರೂ ಅಂದ್ರೆ, ಮಷೀನ್ ಹಿಂದೆ ನನ್ನಂಥೋನು ಒಬ್ಬ ಇರ್ತಾನೆ ಅಂತ ಹೇಳಿ.

ಇವತ್ತಿಗೆ ಇಷ್ಟೇ. ಟ್ರಾಕ್ಟರ್ ಹೊರಡ್ತಿದೆ, ಅಪ್ಪ ಕೂಗ್ತಿದ್ದಾರೆ, ಹಗ್ಗ ಬಿಗಿಯೋಕೆ ಹೋಗ್ಬೇಕು. ಮುಂದಿನ ವಾರ ಸಿಗೋಣ. ನಮಸ್ಕಾರ.